ಚೆಂಡುಹೂವಿನ ಬಣ್ಣದ ಚಕ್ರಗಳು

ಗೊರವನಹಳ್ಳಿಯ ದೇವಸ್ಥಾನದ ಹೊರಗೆ ನನ್ನ ಅತ್ತೆ ಒಂದು ಭಾನುವಾರ ಯಾರದೋ ಕಾರಿನಲ್ಲಿ ಹೋಗಿ ಕೂತುಬಿಟ್ಟರು. ನಾನು ಪ್ರಸಾದದ ಸಾಲಿನಲ್ಲಿದ್ದೆ. "ನೀನು ತಗಂಡ್ ಬಾ, ನಾನು ಕಾರಿನ ತಾವ ಇರ್ತೀನಿ" ಎಂದು ಅವರು ಮುಂದೆ ಹೋಗಿದ್ದರು. ನಮ್ಮದು ಬಿಳಿ ಕಾರು. ಅಲ್ಲಿ ನಿಂತಿದ್ದವುಗಳಲ್ಲಿ ಅರ್ಧಕ್ಕರ್ಧ ಬಿಳಿಯವೇ. ಅತ್ತೆಗೆ ಓದು ಬರಹ ಬಾರದು, ನಂಬರ್ ನೋಡಿ ಗುರುತು ಹಿಡಿಯುವ ಮಾತಿಲ್ಲ. ಸಾಲದ್ದಕ್ಕೆ ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಆಪರೇಷನ್ ಎಂದು ಡಾಕ್ಟರು ದಿನ ಮುಂದೂಡುತ್ತಲೇ ಇದ್ದರು.

ನಾನು ಹುಡುಕಿಕೊಂಡು ಹೋದಾಗ ಆ ಕಾರಿನವರು ಅತ್ತೆಗೆ ನೀರು ಕೊಟ್ಟು ಸಮಾಧಾನ ಮಾಡುತ್ತಿದ್ದರು. ಒಳ್ಳೆಯ ಜನ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದರು. ನನಗೆ ನಗು ಬಂತು. ಅಲ್ಲಿ ನಕ್ಕದ್ದು ಸಾಲದೆಂಬಂತೆ, ಮಧುಗಿರಿಗೆ ಬಂದ ಮೇಲೆ ಊಟದ ಹೊತ್ತಿಗೆ ಗಂಡನಿಗೆ, ಮಗಳಿಗೆ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು ಎಂದುಕೊಂಡೆ.

ಆಮೇಲೆ ಅವರು ಹೊರಗೆ ಬರುವುದನ್ನೇ ಬಿಟ್ಟರು. ಕರೆದಾಗಲೆಲ್ಲ ಮಂಡಿನೋವು. ಮದಲೂರಿನಲ್ಲಿ ಅವರ ತಂಗಿಯ ಮೊಮ್ಮಗಳ ನಾಮಕರಣಕ್ಕೂ "ನೀವು ಹೋಗ್ಬನ್ನಿ" ಎಂದರು. ತಂಗಿಯ ಮನೆಯೆಂದರೆ ಬೆಳಗಿನ ಜಾವವೇ ಎದ್ದು ಸೀರೆ ಉಡುತ್ತಿದ್ದ ಹೆಂಗಸು. ಆವತ್ತು ನನಗೆ ಅರ್ಥವಾಯಿತು. ಆದರೆ ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ನಮ್ಮಿಬ್ಬರ ನಡುವೆ ಅಂಥ ಮಾತುಗಳ ರೂಢಿಯೇ ಇರಲಿಲ್ಲ.

ನಾಮಕರಣ ಮುಗಿಸಿ ಬರುವಾಗ ಕಾರಿಗೆ ಮ್ಯಾಟು ತರಲು ಶಿರಾದ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ನಿಂತಿದ್ದ ಕಾರೊಂದರ ಚಕ್ರಗಳು ಕೆಂಪಗಿದ್ದವು. ಅಂಗಡಿಯ ಸಾಬರು, "ಇದು ಪೇಂಟ್ ಅಲ್ಲ ಮೇಡಂ, ರಬ್ಬರ್ ತರ. ಸ್ಪ್ರೇ ಹೊಡೆಯೋದು. ಬೇಡಾಂದ್ರೆ ಬಾಳೆಹಣ್ಣಿನ ಸಿಪ್ಪೆ ಸುಲಿದಂಗೆ ಸುಲಿದ್ಬಿಡಿ, ಒಳಗಿಂದು ಹಂಗೇ ಇರುತ್ತೆ" ಎಂದರು. ನಾನು ಬಣ್ಣಗಳ ಹಾಳೆಯನ್ನು ಕೇಳಿ ಮನೆಗೆ ತಂದೆ.

ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ, ಅಂಗಳದ ಆ ತುದಿಯಲ್ಲಿ ನಿಂತು ಒಂದೊಂದೇ ಬಣ್ಣ ಎತ್ತಿ ಹಿಡಿದೆ. ನೀಲಿ ಕಾಣಲಿಲ್ಲ. ಕೆಂಪು, "ಏನೋ ಕರ್ರಗೈತೆ" ಎಂದರು. ಚೆಂಡುಹೂವಿನ ಬಣ್ಣದ ಹಳದಿ ಹಿಡಿದಾಗ ಕತ್ತು ಮುಂದೆ ಚಾಚಿದರು.

"ಅದು ಕಾಣ್ತದೆ ಕಣಮ್ಮ. ಯಾತುಕ್ಕೆ ಇದೆಲ್ಲ?"

"ಕಾರಿನ ಚಕ್ರಕ್ಕೆ ಅತ್ತೆ. ಎಲ್ಲಿ ನಿಂತ್ರೂ ನಮ್ಮ ಕಾರು ಇದೇ ಅಂತ ನಿಮಗೆ ಗೊತ್ತಾಗ್ಲಿ ಅಂತ."

ಅವರು ಎದ್ದು ಒಳಗೆ ಹೋದರು.

ಪಾವಗಡದ ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡುವ ನನ್ನ ಗಂಡ, "ಸ್ಕೂಲ್ ಟೀಚರ್ ಕಾರು ಅಂತಾರಾ, ಸರ್ಕಸ್ ಕಾರು ಅಂತಾರಾ?" ಎಂದ. ಸುಲಿದು ತೆಗೆಯಬಹುದು ಎಂದೆ.

ಮುಂದಿನ ಭಾನುವಾರ, ಶಿರಾದಿಂದ ತರಿಸಿದ ಹಳದಿ ಸ್ಪ್ರೇ ಡಬ್ಬಿಗಳನ್ನು ಇಟ್ಟುಕೊಂಡು, ಚಕ್ರಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿದೆ. ಟೈರಿಗೆ ಬಣ್ಣ ತಾಕದಂತೆ ಅದರ ಅಂಚಿನ ಸುತ್ತ ಗಟ್ಟಿ ಕಾಗದ ಸಿಕ್ಕಿಸಬೇಕಿತ್ತು. ಅತ್ತೆ ಕೇಳದೆಯೇ ಹಳೆಯ ಲಗ್ನಪತ್ರಿಕೆಗಳ ಕಟ್ಟು ತಂದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಕಾಣದಿದ್ದರೂ ಬೆರಳಿನಿಂದ ತಡವಿ, ಟೈರು ಮತ್ತು ರಿಮ್ಮಿನ ಸಂದಿಗೆ ಒಂದೊಂದೇ ಪತ್ರಿಕೆಯನ್ನು ತುರುಕುತ್ತಾ ಹೋದರು. ಡಬ್ಬಿ ಅಲ್ಲಾಡಿಸಿ ನಾನು ಮೊದಲ ಚಕ್ರಕ್ಕೆ ಹೊಡೆದೆ. ಬಣ್ಣ ಇಳಿದು ಕಣ್ಣೀರಿನಂತೆ ಸೋರಿತು.

ನಾನು ಅಯ್ಯೋ ಎಂದದ್ದನ್ನು ಕೇಳಿ ಅತ್ತೆ, "ಒಂದೇ ಸಾರಿಗೆ ದಪ್ಪಕ್ಕೆ ಹೊಡ್ದ್ಯಾ? ಸುಣ್ಣ ಬಳಿದಂಗೆ ಕಣಮ್ಮ. ಮೊದ್ಲು ತೆಳ್ಳಗೆ. ಅದು ಒಣಗ್ಲಿ, ಆಮೇಕೆ ಇನ್ನೊಂದು" ಎಂದರು.

ಹಾಗೇ ಮಾಡಿದೆವು. ಒಂದು ಸಲ ಹೊಡೆದು ಒಣಗುವವರೆಗೆ ಕಾಯುವುದು. ಮಧ್ಯಾಹ್ನ ಪೂರ್ತಿ ಕಾಯುವುದೇ ಕೆಲಸವಾಯಿತು. ಮೂರನೆಯ ಸಲ ಕಾಯುವಾಗ ಅತ್ತೆ, ಚಕ್ರದ ಕಡೆಗೇ ಮುಖ ಮಾಡಿಕೊಂಡು ಹೇಳಿದರು:

"ಅವತ್ತು ಆ ಕಾರ್ನಾಗೆ ಒಂದು ಮಗ ಇತ್ತು. ನನ್ನ ನೋಡಿ ಕಿಟಾರಂತ ಕಿರುಚ್ಕಂಡ್ತು. ನನ್ನ ಮಕ ನೋಡಿ ಒಂದು ಮಗ ಹೆದ್ರಿದ್ದು ಅದೇ ಮೊದ್ಲು."

ಅದು ನನಗೆ ಗೊತ್ತೇ ಇರಲಿಲ್ಲ. ಅವರ ಬೆರಳ ತುದಿಯೆಲ್ಲ ಹಳದಿಯಾಗಿತ್ತು. "ನಾನು ನಗಬಾರದಿತ್ತು ಅತ್ತೆ" ಎಂದೆ.

"ಬುಡು, ನಗದಂಗಿತ್ತಾ ಅದು? ನಾನೇ ಆಗಿದ್ರೂ ನಗ್ತಿದ್ದೆ. ಒಣಗ್ತಾ ನೋಡು."

ಹದಿನೈದು ದಿನ ಬಿಟ್ಟು ನಾಗಲಮಡಿಕೆಗೆ ಹೋದೆವು. ದರ್ಶನ ಮುಗಿದ ಮೇಲೆ ನಾನು ಬೇಕೆಂದೇ ಚಪ್ಪಲಿ ಹುಡುಕುವವಳಂತೆ ಹಿಂದೆ ಉಳಿದೆ. ಅತ್ತೆ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತರು, ಆಮೇಲೆ ಸಾಲಾಗಿ ನಿಂತಿದ್ದ ಕಾರುಗಳ ನಡುವೆ ಹೊರಟರು. ಒಂದು ಬಿಳಿ ಕಾರು ದಾಟಿದರು, ಇನ್ನೊಂದು ದಾಟಿದರು. ನಮ್ಮ ಕಾರಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನನ್ನತ್ತ ತಿರುಗಿ, "ಬಿರ್ರನೆ ಬಾರಮ್ಮ, ಬಿಸ್ಲು" ಎಂದು ಕೂಗಿದರು. ಎಷ್ಟು ದೊಡ್ಡ ದನಿ! ಪಕ್ಕದಲ್ಲಿ ಹೂವು ಮಾರುತ್ತಿದ್ದವಳು ನಮ್ಮ ಚಕ್ರ ನೋಡಿ, ಅರಿಶಿನದ ಚಕ್ರಗಳು ಎಂದು ತೆಲುಗಿನಲ್ಲಿ ಹೇಳಿ ನಕ್ಕಳು. ಅತ್ತೆ ಅವಳ ಹತ್ತಿರವೇ ಎರಡು ಮೊಳ ಹೂವು ಕೊಂಡರು.

ಎಂಟು ತಿಂಗಳು ನಾನು ಆ ಚಕ್ರಗಳಲ್ಲೇ ಕೊರಟಗೆರೆಯ ಶಾಲೆಗೆ ಹೋಗಿ ಬಂದೆ. ಮಕ್ಕಳು ಗೇಟಿನಲ್ಲಿ ನಿಂತು "ಚೆಂಡುಹೂವಿನ ಮಿಸ್ಸು ಬಂದ್ರು" ಎನ್ನುತ್ತಿದ್ದರು.

ಕೊನೆಗೂ ಸಕ್ಕರೆ ಇಳಿಯಿತು, ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದ ಅತ್ತೆ ಕಾರಿನ ಮುಂದೆ ಗಕ್ಕನೆ ನಿಂತರು. ಕಪ್ಪು ಕನ್ನಡಕವನ್ನು ತುಸು ಮೇಲೆತ್ತಿ ನೋಡಿದರು.

"ಅಯ್ಯೋ ಶಿವನೇ! ಇದೇನಮ್ಮ ಇಂಗೆ ಕಣ್ಣಿಗೆ ಹೊಡೀತೈತೆ? ನಾನು ಏನೋ ತೆಳ್ಳನೆ ಹಳದಿ ಅಂದ್ಕಂಡಿದ್ದೆ. ಇಷ್ಟು ದಿನ ಇದ್ರಾಗೇ ಇಸ್ಕೂಲಿಗೆ ಹೋದ್ಯಾ?"

"ಹೂಂ."

"ಯಾರೂ ಏನೂ ಅನ್ಲಿಲ್ವಾ?"

"ಅಂದ್ರು. ಅದಕ್ಕೇನೀಗ?"

ಅವರು ಕಾರು ಹತ್ತಲಿಲ್ಲ. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಂದೆ ಒಂದು ಆಟೋ ಹಾರ್ನ್ ಹೊಡೆಯುತ್ತಿತ್ತು.

ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದ ದಿನಗಳು ಮುಗಿದ ಮೇಲೆ ಅತ್ತೆಯೇ ಕೂತು ಚಕ್ರದ ಬಣ್ಣ ಸುಲಿದರು. ಅಂಚನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಎಳೆದರೆ ಹಳದಿ ಹಾಳೆ ಹಾಳೆಯಾಗಿ ಕಳಚಿ ಬರುತ್ತಿತ್ತು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ.

"ನೀನು ಕುತ್ಕ. ನಂಗೀಗ ಚೆನ್ನಾಗಿ ಕಾಣ್ತದೆ" ಎಂದರು.