ಮೊಳಕಾಲ್ಮೂರಿನ ಹಿತ್ತಲಲ್ಲಿ ಬಲಿತ ಸೇಡು

ಚಳ್ಳಕೆರೆಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ನನ್ನ ಗಂಡ ಹರೀಶ್, "ಹೇಗುಂಟು ಊರು?" ಎಂದು ಕೇಳಿದ. ಉತ್ತರ ಕೊಡಲು ಬಾಯಿ ತೆರೆದೆ. ಬಾಯಿ ತುಂಬ ಮಣ್ಣು ಬಂತು.

ಅದು ಆಷಾಢ. ಮಂಗಳೂರಿನಲ್ಲಿ ಆ ತಿಂಗಳು ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಇಲ್ಲಿ ಹನಿ ನೀರಿಲ್ಲದ ಗಾಳಿ ಅಂಗಡಿಗಳ ತಗಡಿನ ಬೋರ್ಡುಗಳನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಎಣ್ಣೆ ಗಿರಣಿಗಳ ಕಡೆಯಿಂದ ಶೇಂಗಾದ ಘಾಟು ಬರುತ್ತಿತ್ತು; ನಾನು ತೆಂಗಿನೆಣ್ಣೆಯಲ್ಲೇ ಬೆಳೆದವಳು. ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತ, ಈ ಸೀಮೆಯಲ್ಲಿ ನಾನು ಹೆಚ್ಚು ದಿನ ನಿಲ್ಲುವವಳಲ್ಲ ಎಂದುಕೊಂಡೆ.

ನಿಂತೆ. ಯಾಕೆ ನಿಂತೆ ಎಂಬುದನ್ನು ಕರಾವಳಿಯ ನಿಮಗೆ ಹೇಳಬೇಕು. ಅದರಲ್ಲಿ ದೊಡ್ಡ ಪಾಲು ಸಿಟ್ಟಿನದು.

ನಾನು ವೆಬ್‌ಸೈಟ್ ಕಟ್ಟುವವಳು. ಮಂಗಳೂರಿನಲ್ಲಿ ನನ್ನ ಗೆಳೆಯ ನಿರಂಜನ ಮತ್ತು ನಾನು ಸೇರಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದೆವು. ಅಲ್ಲಿದ್ದಾಗಲೇ ನಾನೊಂದು ಕೆಲಸ ಮಾಡಿದ್ದೆ. ನೆಟ್‌ವರ್ಕ್ ನಿಧಾನವಾಗಿರುವ ಹಳೆಯ ಫೋನುಗಳಲ್ಲಿ ಕನ್ನಡದ ಪುಟಗಳು ಬಹಳ ಹೊತ್ತು ಖಾಲಿಯಾಗಿರುತ್ತವೆ. ಅಕ್ಷರ ಬಂದಾಗ ಸಾಲುಗಳು ದಡಕ್ಕನೆ ಕೆಳಗೆ ಜಾರಿ, ಒತ್ತಬೇಕಾದ ಗುಂಡಿಯ ಬದಲು ಇನ್ನೊಂದನ್ನು ಒತ್ತುವಂತಾಗುತ್ತದೆ. ಅದು ಜಾರದಂತೆ ಮಾಡುವ ಒಂದು ವಿಧಾನವನ್ನು ನಾನು ಕಟ್ಟಿದ್ದೆ. ಹರೀಶ್ ಪಶುವೈದ್ಯ. ಅವನಿಗೆ ಮೊಳಕಾಲ್ಮೂರಿನ ಬಳಿಯ ರಾಂಪುರಕ್ಕೆ ವರ್ಗವಾದಾಗ ನಿರಂಜನನೇ ಧೈರ್ಯ ಹೇಳಿದ್ದ: "ಹೋಗು ಶಾಲಿನಿ. ಲ್ಯಾಪ್‌ಟಾಪ್ ಇದ್ದಲ್ಲಿ ನಮ್ಮ ಆಫೀಸು."

ಮೊಳಕಾಲ್ಮೂರಿನಲ್ಲಿ ನಮಗೆ ಸಿಕ್ಕ ಮನೆಯ ಒಡತಿ ತಿಪ್ಪಕ್ಕ, ಕೊಂಡ್ಲಹಳ್ಳಿ ಕಡೆಯ ಕುರಿ ಸಾಕುವ ಮನೆತನದವರು. ಅವರದು ಎದುರು ಮನೆ. ನಮ್ಮ ಮನೆಯ ಗೋಡೆಗೆ ಆತುಕೊಂಡು ರೇಷ್ಮೆ ಸೀರೆ ನೇಯುವವರ ಮಗ್ಗ. ಅದರ ಸದ್ದು ನನ್ನ ವಿಡಿಯೋ ಮಾತುಕತೆಗಳಲ್ಲೆಲ್ಲ ಕೇಳಿಸುತ್ತಿತ್ತು. "ಮನೆ ರಿಪೇರಿ ನಡೀತಿದೆಯಾ ಮೇಡಂ?" ಎಂದು ಗ್ರಾಹಕರು ಕೇಳುತ್ತಿದ್ದರು. ಸಂತೆಯಲ್ಲಿ ಅರ್ಧ ಮಾತು ತೆಲುಗು, ಕಾಲು ಮಾತು ಉರ್ದು. ನನ್ನ ಪುಸ್ತಕದಂಥ ಕನ್ನಡ ಕೇಳಿ ತರಕಾರಿಯವರು ನಗುತ್ತಿದ್ದರು. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ದನದ ಡಾಕ್ಟರ ಹೆಂಡತಿಯಾದ್ದರಿಂದ ನಾನು ಎಲ್ಲರಿಗೂ 'ಡಾಕ್ಟ್ರಮ್ಮ'.

ಬೆಳಿಗ್ಗೆ ಹಿತ್ತಲಿಗೆ ನೀರು, ಆಮೇಲೆ ಅಡುಗೆ, ಆಮೇಲೆ ಕೋಡ್. ಕರೆಂಟ್ ಹೋದರೆ ಮತ್ತೆ ಹಿತ್ತಲು. ಮಂಗಳೂರಿನಲ್ಲಿ ಎಸೆದ ಬೀಜ ತಾನಾಗಿ ಹುಟ್ಟುತ್ತದೆ, ಕಳೆ ಕೀಳುವುದೇ ಅಲ್ಲಿನ ತೋಟಗಾರಿಕೆ. ಇಲ್ಲಿ ಪ್ರತಿ ಎಲೆಯನ್ನೂ ಬೇಡಿಕೊಳ್ಳಬೇಕು. ನಾನು ಹಾಕಿದ ಬಸಳೆ ಬಾಡಿ ಬಿದ್ದಾಗ ತಿಪ್ಪಕ್ಕ ಬಂದು ನೋಡಿದರು.

"ಇದೇನಮ್ಮಾ, ನಿಮ್ಮೂರಿನ ಬಳ್ಳಿಗೆ ನಮ್ಮೂರಿನ ಬಿಸ್ಲು ಕುಡಿಸ್ತೀಯಾ? ಪುಂಡಿ ಹಾಕು. ಅದುಕ್ಕೆ ಯಾರ ಹಂಗೂ ಬ್ಯಾಡ."

ಪುಂಡಿ ಎಂದರೆ ಹುಳಿ ಸೊಪ್ಪು, ಆಂಧ್ರದವರ ಗೋಂಗೂರ. ಹಾಕಿದೆ, ಮಂಡಿಯೆತ್ತರ ಬಂತು. ಅದರ ಜೊತೆ ಮೆಣಸಿನ ಗಿಡ, ಬದನೆ, ಟೊಮೇಟೊ. ಅದು ಇಲ್ಲಿ ನನ್ನ ಮೊದಲ ಗೆಲುವು. ಹೆಮ್ಮೆಯಿಂದ ಅದರ ಚಿತ್ರವನ್ನು ನಿರಂಜನನಿಗೂ ಕಳುಹಿಸಿದೆ.

ಒಂದು ಸಂಜೆ ಮುದ್ದೆಗೆ ಎಸರಿಟ್ಟು, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ತಂತ್ರಜ್ಞಾನ ಸಮ್ಮೇಳನದ ನೇರಪ್ರಸಾರ ನೋಡುತ್ತಿದ್ದೆ. ವೇದಿಕೆಯ ಮೇಲೆ ನಿರಂಜನ. ಹಿಂದಿನ ಪರದೆಯ ಮೇಲೆ ನನ್ನ ಕೆಲಸ. "ಇದು ನಾನು ಕಂಡುಕೊಂಡ ವಿಧಾನ" ಎಂದ. ನಿಮ್ಮ ಜೊತೆ ಇನ್ನೊಬ್ಬರು ಇದ್ದರಲ್ಲ ಎಂದು ಸಭೆಯಿಂದ ಯಾರೋ ಕೇಳಿದರು. ನಿರಂಜನ ನಕ್ಕ. "ಶಾಲಿನಿಯಾ? ಅವಳೀಗ ಮೊಳಕಾಲ್ಮೂರಿನಲ್ಲಿ ಸೊಪ್ಪು ಬೆಳೆಸಿಕೊಂಡು ಹಾಯಾಗಿದ್ದಾಳೆ. ವೆಬ್ಬಿಗೆ ನಮಸ್ಕಾರ ಹಾಕಿದಳು!" ಸಭೆಯೂ ನಕ್ಕಿತು.

ನಾನು ಫೋನ್ ಮಾಡಿದೆ. ಅವನಿಗೆ ನಾಚಿಕೆಯೇ ಇರಲಿಲ್ಲ.

"ತಮಾಷೆಗೆ ಹೇಳಿದ್ದು ಮಾರಾಯ್ತಿ. ಸ್ಟೇಜಿನಲ್ಲಿ ಎರಡೆರಡು ಹೆಸರು ಹೇಳಿದ್ರೆ ಕಥೆ ಗೊಂದಲ ಆಗ್ತದೆ."

ಮಾರನೆಯ ವಾರ ನನ್ನ ಹಳೆಯ ಗ್ರಾಹಕರೊಬ್ಬರು, 'ನೀವು ಕೆಲಸ ಬಿಟ್ಟಿರಂತೆ, ಒಳ್ಳೆಯದಾಗಲಿ' ಎಂದು ಸಂದೇಶ ಕಳಿಸಿದರು. ಇನ್ನೊಬ್ಬರು ಅದನ್ನೂ ಕಳಿಸದೆ ನಿರಂಜನನ ಬಳಿಗೆ ಹೋದರು. ಸ್ಟುಡಿಯೋದಿಂದ ಅದೇ ವಾರ ಹೊರಬಿದ್ದು ಫ್ರೀಲಾನ್ಸ್ ಕೆಲಸಕ್ಕೆ ಇಳಿದೆ. ವಾಪಸ್ ಮಂಗಳೂರಿಗೆ ಓಡಬಹುದಿತ್ತು. ಆದರೆ ಓಡಿಹೋದರೆ ಅವನ ಮಾತೇ ಗೆದ್ದಂತಾಗುತ್ತಿತ್ತು. ಇಲ್ಲೇ ಕೂತು, ಇದೇ ಸೊಪ್ಪಿನ ಪಕ್ಕದಲ್ಲಿ ಕೂತು, ಅವನ ಹೊಟ್ಟೆ ಉರಿಸಬೇಕು ಎಂದು ಹಟ ಹಿಡಿದೆ.

ಆ ಹಟ ನನ್ನನ್ನು ಬದುಕಿಸಿತು. ರಾಂಪುರದ ಬೀಜದಂಗಡಿಗೂ ಚಳ್ಳಕೆರೆಯ ಮಂಡಕ್ಕಿ ವ್ಯಾಪಾರಿಗೂ ವೆಬ್‌ಸೈಟ್ ಮಾಡಿಕೊಟ್ಟೆ. ಅವರ ಹಳೆಯ ಫೋನುಗಳ ಮೇಲೆಯೇ ನನ್ನ ವಿಧಾನವನ್ನು ಮತ್ತೆ ಪರೀಕ್ಷಿಸಿ, ನಿರಂಜನನ ಕೈಲಿರುವುದು ಹಳಸಲು ಎನ್ನಿಸುವಷ್ಟು ತಿದ್ದಿದೆ. ಕೆಲಸಕ್ಕೆ ಕೂರುವ ಮುಂಚೆ ಅವನ ಮುಖ ನೆನೆದು ಮುದ್ದೆ ತಿರುವುತ್ತಿದ್ದೆ. ತಿಪ್ಪಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಅಬ್ಬಾ! ಯಾರ್ ಮ್ಯಾಲಮ್ಮ ಈ ಸಿಟ್ಟು? ಒಂದ್ ಗಂಟಿಲ್ಲ ನೋಡು ಮುದ್ದೆಯಾಗೆ."

ಎಲ್ಲ ಹೇಳಿದೆ. ಸಮಾಧಾನ ಹೇಳಬಹುದು, ದೇವರು ನೋಡಿಕೊಳ್ಳುತ್ತಾನೆ ಎನ್ನಬಹುದು ಎಂದುಕೊಂಡಿದ್ದೆ. ತಿಪ್ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು.

"ಅವ್ನು ನಾಕ್ ಜನದ ಮುಂದೆ ಅಂದವ್ನೆ ಅಲ್ವಾ? ನೀನೂ ನಾಕ್ ಜನದ ಮುಂದೇನೇ ಕೇಳು. ಫೋನ್‌ನಾಗೆ ಬೈದ್ರೆ ಗಾಳಿಗ್ ಹೋಗ್ತೈತೆ."

ಮುಂದಿನ ಸಮ್ಮೇಳನ ಬೆಂಗಳೂರಿನಲ್ಲಿತ್ತು. ನಾನೂ ಮಾತಾಡುತ್ತೇನೆ ಎಂದು ಬರೆದೆ. ಈ ವಿಷಯಕ್ಕೆ ಆಗಲೇ ಒಬ್ಬ ಪರಿಣತರು ಒಪ್ಪಿದ್ದಾರೆ ಎಂದು ಸಂಘಟಕರು ಉತ್ತರಿಸಿದರು. ಪರಿಣತರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಟಿಕೆಟ್ ತೆಗೆದು ಕೇಳುವವಳಾಗಿಯೇ ಹೊರಟೆ. ತಿಪ್ಪಕ್ಕ ಸಜ್ಜೆ ರೊಟ್ಟಿ, ಊರಿಬಿಂಡಿ ಕಟ್ಟಿಕೊಟ್ಟರು. ಊರಿಬಿಂಡಿ ಎಂದರೆ ಹುರಿದ ಶೇಂಗಾ, ಮೆಣಸಿನಕಾಯಿ ಕುಟ್ಟಿ ಮಾಡುವ ಗಟ್ಟಿ ಚಟ್ನಿ.

"ಸೇಡಿಗೆ ಹೋಗೋಳು ಹಸ್ಕಂಡು ಹೋಗ್ಬಾರ್ದು. ಹಸಿದ್ರೆ ಕಣ್ಣಾಗ್ ನೀರು ಬರ್ತೈತೆ, ಬಾಯಾಗ್ ಮಾತು ಬರಾಕಿಲ್ಲ."

ಸಭಾಂಗಣದಲ್ಲಿ ಎಸಿ ತಣ್ಣಗಿತ್ತು, ನನ್ನ ಕೈ ಬಿಸಿಯಾಗಿತ್ತು. ನಿರಂಜನ ಅದೇ ಕಥೆ ಹೇಳಿದ, ಅದೇ ಚಿತ್ರ ತೋರಿಸಿದ, ಅದೇ ನಗು ನಕ್ಕ. ಪ್ರಶ್ನೆಗಳ ಸಮಯ ಬಂದಾಗ ಎದ್ದು ನಿಂತು ಮೈಕ್ ತೆಗೆದುಕೊಂಡೆ. ನನ್ನನ್ನು ಕಂಡು ಅವನ ನಗು ಮುಖದ ಮೇಲೆ ಹಾಗೆಯೇ ಅಂಟಿಕೊಂಡಿತು.

"ಸಾಲು ಜಾರದ ಹಾಗೆ ಅಕ್ಷರಗಳ ಕೆಳಗೆ ಒಂದು ಅಳತೆಯ ಜಾಗ ಬಿಟ್ಟಿದ್ದೀರಿ. ಆ ಅಳತೆ ಎಲ್ಲಿಂದ ಬಂತು?"

"ಅದು... ಬಹಳ ಪ್ರಯೋಗ ಮಾಡಿ ಕಂಡುಕೊಂಡದ್ದು."

"ಯಾವ ಪದ ಇಟ್ಟುಕೊಂಡು?"

"ಹಲವಾರು ಪದಗಳು."

"ಒಂದು ಹೇಳಿ."

ಅವನು ನೀರಿನ ಬಾಟಲಿ ಎತ್ತಿಕೊಂಡ. ಅವನು ಕುಡಿದು ಮುಗಿಸುವವರೆಗೂ ಕಾದೆ. ಆಮೇಲೆ ನನ್ನ ಬಾಯಿಂದ ಜೋರಾಗಿ ಹೊರಬಂತು: "ಉತ್ತರ ಐತೇನ್ರಿ?"

ಹಿಂದಿನ ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ನನಗೂ ಗಾಬರಿಯಾಯಿತು. ಕರಾವಳಿಯ ಮಗಳು 'ಉಂಟಾ' ಎನ್ನಬೇಕಿತ್ತು. ಆದರೆ ಆ 'ಐತೆ'ಯಲ್ಲಿ ಇದ್ದ ಒರಟು ನನಗೆ ಆಗ ಬೇಕಾಗಿತ್ತು.

"ಆ ಪದ 'ಸ್ತ್ರೀ'. ಎರಡು ಒತ್ತಕ್ಷರ ಹೊತ್ತು ಸಾಲಿನ ಕೆಳಗೆ ಆಳಕ್ಕೆ ಇಳಿಯುವ ಪದ ಅದು. ಅದನ್ನು ಟೈಪ್ ಮಾಡಿ ಅಳತೆ ತೆಗೆದವಳು ನಾನು. ಮೊಳಕಾಲ್ಮೂರಿನಲ್ಲಿ ಸೊಪ್ಪು ಬೆಳೆಸುತ್ತಾಳೆ ಅಂದಿರಲ್ಲ, ಆ ಶಾಲಿನಿಯೂ ನಾನೇ."

"ಶಾಲಿನಿ, ಇದನ್ನು ಆಮೇಲೆ ಮಾತಾಡುವ..."

"ನನ್ನ ಹೆಸರು ಅಳಿಸಿದ್ದು ಮೈಕಿನಲ್ಲಿ. ಬರೆಯುವುದೂ ಮೈಕಿನಲ್ಲೇ ಆಗಲಿ."

ಸಭೆ ಅವನನ್ನೇ ನೋಡುತ್ತಿತ್ತು. ಕೊನೆಗೆ, "ಮೂಲ ಕೆಲಸ ಶಾಲಿನಿಯವರದು" ಎಂದ. ಎರಡನೆಯ ಸಲ, ಕೇಳಿಸಲಿಲ್ಲ ಎಂದು ನಾನು ಹೇಳಿದ ಮೇಲೆ, ಇನ್ನೂ ಸ್ವಲ್ಪ ಜೋರಾಗಿ ಹೇಳಿದ.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ರೊಟ್ಟಿಯನ್ನೆಲ್ಲ ತಿಂದು ಮುಗಿಸಿದೆ. ಅಷ್ಟು ರುಚಿಯಾದ ಊಟ ಈಚೆಗೆ ಮಾಡಿರಲಿಲ್ಲ. ಆಮೇಲೆ ನಿರಂಜನ ಕಳಿಸಿದ ಕ್ಷಮೆಯ ಸಂದೇಶಕ್ಕೆ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಹಳೆಯ ಗ್ರಾಹಕರಲ್ಲಿ ಕೆಲವರು ಮರಳಿದರು. ಬೇರೊಂದು ಸಮ್ಮೇಳನದವರು ಮಾತಾಡಲು ಕರೆದರು. ಅದನ್ನು ಹೇಳಲೆಂದೇ ಅಮ್ಮನನ್ನು ನೋಡಲು ಮಂಗಳೂರಿಗೆ ಹೋದೆ. ದಾರಿಯಲ್ಲಿ ಸ್ಟುಡಿಯೋದ ಎದುರು ಬದಿಯಲ್ಲಿ ನಿಂತೆ. ನಾನು ಕೂರುತ್ತಿದ್ದ ಕಿಟಕಿಯ ಬಳಿ ಯಾರೋ ಹೊಸ ಹುಡುಗಿ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ನನ್ನ ಹೆಸರು ನನಗೆ ವಾಪಸ್ ಸಿಕ್ಕಿತ್ತು. ಸಂಜೆಯ ಹೊತ್ತು ಕಡಲ ಗಾಳಿ ಬರುತ್ತಿದ್ದ ಆ ಕಿಟಕಿ ಸಿಗುವಂತಿರಲಿಲ್ಲ.

ಮಧ್ಯಾಹ್ನ ಅಮ್ಮ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಮೀನಿನ ಸಾರು ಬಡಿಸುತ್ತ, "ಸಾಕು ಮಗಾ, ಬಂದುಬಿಡು. ನಿನ್ನ ಕೆಲಸ ಇಲ್ಲಿ ಕೂತು ಮಾಡಿದರೂ ಆಗ್ತದಲ್ಲ" ಎಂದರು. ಆಗುತ್ತದೆ ಎಂದು ನನಗೂ ಅನಿಸಿತ್ತು. ಅಷ್ಟರಲ್ಲಿ ಫೋನ್ ಬಂತು. ತಿಪ್ಪಕ್ಕ.

"ಡಾಕ್ಟ್ರಮ್ಮಾ, ನಿನ್ ಹಿತ್ಲಿಗೆ ಕುರಿ ನುಗ್ಗಿ ಒಂದ್ ಎಲೆ ಬಿಟ್ಟಿಲ್ಲ. ಯಾರ ಕುರಿ ಅಂತ ಗೊತ್ತೈತೆ. ನಿನ್ ಗಂಡ ಸೂಜಿ ಹಾಕಿ ಉಳ್ಸಿದ್ವೇ! ನಾನೊಬ್ಳೇ ಹೋಗಿ ಬೈದ್ರೆ ಏನ್ ಚೆಂದ? ಬರ್ತೀಯೋ ಇಲ್ವೋ?"

"ಬರ್ತೀನಿ. ಅಲ್ಲೀಗಂಟ ನೀವು ಅವ್ರನ್ನ ಮಾತಾಡಿಸ್ಬ್ಯಾಡ್ರಿ. ನಾನೇ ಕೇಳ್ತೀನಿ."

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಯಾರ ಹತ್ರ ಜಗಳ ಮಾರಾಯ್ತಿ? ಎಲ್ಲಿ?"

"ಊರಲ್ಲಿ" ಎಂದೆ.

ಅಮ್ಮನ ಕೈಯ ಸೌಟು ನಿಂತಿತು. "ಹಾಗಾದ್ರೆ ಇದು ಯಾವ ಊರು?"

ಬಟ್ಟಲಲ್ಲಿ ಸಾರು ಇನ್ನೂ ಹೊಗೆಯಾಡುತ್ತಿತ್ತು. "ಇನ್ನೊಂದು ಸೌಟು ಬಡಿಸಮ್ಮ" ಎಂದೆ.