ಎರಡನೇ ಕಿಟಕಿಯ ಬ್ಲಾಗ್ ಗುಮಾಸ್ತ

ನಮ್ಮ ವಾರ್ಡ್ ಕಚೇರಿಯ ಎರಡನೇ ಕಿಟಕಿಯ ಗುಮಾಸ್ತನಿಗೆ ಬ್ಲಾಗ್ ಬರೆಯುವ ಹುಚ್ಚು. ನಲ್ಲಿಯಲ್ಲಿ ನೀರು ನಿಂತರೆ ಬರೆಯುತ್ತಾನೆ, ಮುದ್ರೆಯ ಮಸಿ ಒಣಗಿದರೆ ಬರೆಯುತ್ತಾನೆ, ತನ್ನ ಮೇಜಿನ ಮೇಲೆ ಅರ್ಜಿಯೊಂದು ಒಂಬತ್ತು ದಿನ ಮಲಗಿದ್ದರೆ ತಪ್ಪು ತನ್ನದೇ ಎಂದು ಅದನ್ನೂ ಬರೆಯುತ್ತಾನೆ. "ಸೋಪು ತನ್ನಿ ಅಂದ್ರೆ ಮರೀತೀರಿ, ಊರಿನ ಉಸಾಬರಿ ಮಾತ್ರ ನೆನಪಿರತ್ತೆ" ಎಂದು ಹೆಂಡತಿ ಬೈದಳಂತೆ. ಅದೂ ಬ್ಲಾಗಿಗೆ ಹೋಯಿತು. ಬರೆದದ್ದನ್ನು ಊರಿಗೆ ಬಿಡುವ ಮುಂಚೆ, ಕಚೇರಿಗೆ ಟೀ ಕೊಡುವ ನನ್ನನ್ನು ಕರೆದು, "ಅಜ್ಜಿ, ಇದನ್ನೊಂಚೂರು ಓದಿ" ಎನ್ನುತ್ತಾನೆ. ನಾನು ಎರಡನೇ ತರಗತಿಗೇ ಶಾಲೆ ಬಿಟ್ಟವಳು, ಬೆರಳಿಟ್ಟು ಓದುತ್ತೇನೆ. ಬೆರಳು ಎಲ್ಲಿ ನಿಂತಿತೋ ಆ ಮಾತನ್ನು ಅಳಿಸಿ ಬೇರೆ ಹಾಕುತ್ತಾನೆ. ಮೊನ್ನೆ, ನನ್ನಂಥ ವಿಧವೆಯರು ಪಿಂಚಣಿಗೆ ಯಾವ ಯಾವ ಕಾಗದ ತರಬೇಕೆಂದು ಬರೆದಾಗ ಸಾಹೇಬರು ಬಂದು, "ಇದೇನ್ರೀ ಅಡುಗೆಮನೆ ಮಾತು? ನಾನು ಬರ್ದಿರೋದನ್ನ ಹಾಕಿ, ಇಲ್ಲಾಂದ್ರೆ ಬ್ಲಾಗ್ ಮುಚ್ಚಿ" ಎಂದರು. ಗುಮಾಸ್ತ ಬೆವರಿದ. ಆದರೂ ಸಾಹೇಬರ ಹಾಳೆಯನ್ನು ತಂದು ನನ್ನ ಮುಂದಿಟ್ಟ. ನಾನು ಅವಸರ ಮಾಡಲಿಲ್ಲ. "ಮೇಲ್ಕಂಡ ಫಲಾನುಭವಿಗಳು" ಎಂಬಲ್ಲಿಗೆ ಬರುವಷ್ಟರಲ್ಲಿ ಸಾಹೇಬರ ಕೈಯಲ್ಲಿದ್ದ ಟೀ ತಣ್ಣಗಾಗಿತ್ತು. "ಯಾರು ಸ್ವಾಮಿ ಇವ್ರು?" ಎಂದು ಕೇಳಿದೆ. "ನೀವೇ ಅಜ್ಜಿ" ಎಂದ ಸಾಹೇಬರು, ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ತಾವೇ ಹೊಡೆದುಹಾಕಿದರು.