ಒಂದು ಹೊರೆ ಹುಲ್ಲಿನ ಮಾತು

ವರ್ತೂರಿನಲ್ಲಿ ಬೆಳಕು ಇನ್ನೂ ಅಪಾರ್ಟ್‌ಮೆಂಟುಗಳನ್ನು ದಾಟಿ ಬಂದಿಲ್ಲ. ಐಟಿ ಕಂಪನಿಯೊಂದರ ಹುಲ್ಲುಹಾಸಿನ ಅಂಚಿನಲ್ಲಿ ರೇವಣಸಿದ್ದ ಆಗಲೇ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎದುರಿಗಿರುವುದು ರಾತ್ರಿಯಿಡೀ ತಾನೇ ತಾನಾಗಿ ಓಡಾಡಿ ಹುಲ್ಲು ಕತ್ತರಿಸಿ ಬಂದ ರೋಬೋ ಯಂತ್ರ. ಸ್ವಿಚ್ ಆಫ್ ಆಗಿದೆಯೇ ಎಂದು ಎರಡೆರಡು ಸಲ ನೋಡಿ, ಅದನ್ನು ಹಳೆಯ ಕೌದಿಯ ಮೇಲೆ ಮೆಲ್ಲಗೆ ಮಗುಚುತ್ತಾರೆ. ಗೋಣಿಚೀಲ ಹಾಸಿದರೆ ಹೊಳಪಿನ ಮೇಲೆ ಗೀರು ಬೀಳುತ್ತದಂತೆ.

ಅಡಿಯಲ್ಲಿ ಮೆತ್ತಿದ ಹಸಿ ಹುಲ್ಲನ್ನು ಕಟ್ಟಿಗೆಯ ಚಮಚದಿಂದ ಕೆರೆಯುತ್ತಾರೆ, ಚಕ್ರದ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಪೈಪಿನಲ್ಲಿ ನೀರು ಹಾಯಿಸುವಂತಿಲ್ಲ, ಒಳಗಿನ ವೈರುಗಳಿಗೆ ತಾಗಿದರೆ ಕಥೆ ಮುಗಿಯಿತು. ಬೋರ್‌ವೆಲ್ ನೀರಿನಲ್ಲಿ ಒರೆಸಿದರೆ ಬಿಳಿ ಕಲೆ ಕೂರುತ್ತದೆಂದು ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟಿರುತ್ತಾರೆ. ಒರೆಸಿ, ಒಣಗಿಸಿ, ಮೇಣದ ಪಾಲಿಶ್ ಹಚ್ಚಿ, ಬಿಸಿಲಿಗೆ ಬಣ್ಣ ಮಾಸದಂತೆ ನೆರಳಿಗೆ ಸರಿಸಿದರೆ ಯಂತ್ರ ನಿನ್ನೆ ಕೊಂಡದ್ದೇನೋ ಎನ್ನಬೇಕು. ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತವರು ಯಂತ್ರದ ಫೋಟೋ ತೆಗೆಯುತ್ತಾರೆ. ಒರೆಸಿದವರನ್ನು ಯಾರು ನೋಡುತ್ತಾರೆ ಬಿಡಿ.

ಸಿಂದಗಿ ಕಡೆಯವರಾದ ರೇವಣಸಿದ್ದ ಇಲ್ಲಿಗೆ ಬಂದದ್ದು ಗಾರೆ ಕೆಲಸಕ್ಕೆ, ನಿಂತದ್ದು ತೋಟದ ಕೆಲಸಕ್ಕೆ. ಆಗೆಲ್ಲ ಹುಲ್ಲು ಕತ್ತರಿಸುತ್ತಿದ್ದವರು ಅವರೇ. ಕತ್ತರಿಸಿದ್ದನ್ನು ಹೊರೆ ಕಟ್ಟಿ, ಕಾಂಪೌಂಡಿನ ಹಿಂದಿನ ಚಿಕ್ಕಮುನಿಯಪ್ಪನವರ ಕೊಟ್ಟಿಗೆಗೆ ಹೊತ್ತು ಹಾಕುತ್ತಿದ್ದರು. ರೇವಣಸಿದ್ದರ ಬಾಡಿಗೆ ಕೋಣೆಯ ಯಜಮಾನರೇ ಈ ಚಿಕ್ಕಮುನಿಯಪ್ಪ. ಸುತ್ತಲಿನ ಹೊಲವೆಲ್ಲ ಕಟ್ಟಡವಾದ ಮೇಲೆ ಅವರ ಬಳಿ ಉಳಿದದ್ದು ಸಾಲುಕೋಣೆಗಳು ಮತ್ತು ಒಂದು ಹಸು. ಹುಲ್ಲು ಹೋದರೆ ಹಾಲು ಬರುತ್ತಿತ್ತು, ಲೆಕ್ಕವಿಲ್ಲ, ಗಿಕ್ಕವಿಲ್ಲ.

ಯಂತ್ರ ಬರುತ್ತದೆಂದಾಗ ರೇವಣಸಿದ್ದ ಹಿಗ್ಗಿದರು. ಅದೇ ಹಿಗ್ಗಿನಲ್ಲಿ ಕೊಟ್ಟಿಗೆಗೆ ಹೋಗಿ ಸುದ್ದಿ ಮುಟ್ಟಿಸಿದರು. ಆ ಮಾತನ್ನು ಈಗ ಹೇಳುವಾಗ ಅವರ ಕೈ ತಾನಾಗಿ ನಿಲ್ಲುತ್ತದೆ.

"ನಾ ವಾರಕ್ಕೊಮ್ಮೆ ಕೊಯ್ತಿದ್ದೆ, ಅದು ದಿನಾ ಕೊಯ್ತೈತಂತ, ಇನ್ನ ಹುಲ್ಲಿಗೇನ ಬರ ಇಲ್ಲ, ಇನ್ನೊಂದ ಆಕಳ ಕಟ್ಟ್ರಿ ಯಜಮಾನ್ರ ಅಂದೆ. ಕಟ್ಟೇಬಿಟ್ರು."

ಯಂತ್ರ ದಿನಾ ಕೊಯ್ದದ್ದು ಸುಳ್ಳಲ್ಲ. ಆದರೆ ಅದು ಹುಲ್ಲನ್ನು ಎಳ್ಳಿನಷ್ಟು ಸಣ್ಣಗೆ ತರಿದು ಅಲ್ಲೇ ನೆಲಕ್ಕೆ ಉದುರಿಸುತ್ತದೆ. ಹೊರೆ ಹಾಗಿರಲಿ, ಒಂದು ಹಿಡಿಯೂ ಸಿಗದು. ಅಡಿಯಿಂದ ಕೆರೆದ ಮುದ್ದೆಯೋ, ಹಸುವಿಗೆ ಹಾಕುವಂಥದ್ದಲ್ಲ. ಕಾಂಪೌಂಡಿನ ಪಕ್ಕದ ಒಂದು ಮೂಲೆಯನ್ನಾದರೂ ಯಂತ್ರಕ್ಕೆ ಬಿಡಬೇಡಿ, ನಾನೇ ಕುಡುಗೋಲಿನಲ್ಲಿ ಕೊಯ್ದುಕೊಳ್ಳುತ್ತೇನೆ ಎಂದು ರೇವಣಸಿದ್ದ ಮೇಲ್ವಿಚಾರಕ ಶಶಿಕುಮಾರ್ ಅವರನ್ನು ಅಂಗಲಾಚಿದರು. ಶಶಿಕುಮಾರ್ ಕೆಟ್ಟವರೇನಲ್ಲ, ಮೇಲಿನವರಲ್ಲಿ ಕೇಳಿಯೂ ನೋಡಿದರು. ಹುಲ್ಲುಹಾಸು ಎಲ್ಲ ಕಡೆ ಒಂದೇ ಸಮ ಕಾಣಬೇಕು ಎಂಬ ಉತ್ತರ ಬಂತು. ಸುತ್ತ ಮೇಯಿಸಲು ಜಾಗವಿಲ್ಲ, ಮೇವು ಕೊಂಡು ಹಾಕುವ ತಾಕತ್ತಿಲ್ಲ. ಮೊದಲು ಹೊಸ ಹಸು ಹೋಯಿತು, ಹಿಂದೆಯೇ ಹಳೆಯದೂ.

ಹಳೆಯ ಹಸುವನ್ನೂ ಟೆಂಪೋಗೆ ಹತ್ತಿಸಿದ ಸಂಜೆ ಚಿಕ್ಕಮುನಿಯಪ್ಪ ರೇವಣಸಿದ್ದರ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಒಗೆದು ಮಡಿಸಿದ ಹಳೇ ಪಂಚೆಯ ತುಂಡು, ಹಸುವಿನ ಮೈ ಒರೆಸುತ್ತಿದ್ದದ್ದು.

"ತಗೊಳಪ್ಪಾ, ಮೆತ್ತಗೈತೆ. ನಿನ್ ಮಿಸನ್ ಒರ್ಸಕ್ಕಾಯ್ತದೆ" ಎಂದರಂತೆ.

ಪಾಲಿಶ್ ಹಚ್ಚಿದ ಮೇಲೆ ಕೊನೆಯದಾಗಿ ಉಜ್ಜುವುದು ಆ ಬಟ್ಟೆಯಿಂದಲೇ. ಅದರಷ್ಟು ನಯ ಬೇರೆ ಯಾವುದೂ ಇಲ್ಲ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ರೇವಣಸಿದ್ದ ಬಟ್ಟೆ ಕೊಡವಿ ಮಡಿಸುತ್ತಾ ಕಾಂಪೌಂಡಿನಾಚೆ ನೋಡುತ್ತಾರೆ.

"ಆ ಮನಶ್ಯಾ ನನಗ ಒಂದ ಸಲ ಬೈದಬಿಡಬೇಕ್ರಿ. ಎದಿ ಹಗರ ಆಗ್ತೈತಿ. ಬೈಯೂದಽ ಇಲ್ಲ. ಮುಂಜಾನೆದ್ದರ, ಚಾ ಕುಡದೇನಪ್ಪಾ ಅಂತ ಕೇಳ್ತಾರ. ಈಗ ಕರೀ ಚಾ ಮಾಡ್ತಾರ್ರಿ ಅವರೂ."